ಓದುವವರು ಹತ್ತದ ಗೋಪುರ

ಹುಡುಗಿ ಹೇಳುತ್ತಿರುವುದು ಸುಳ್ಳು ಎಂದು ಎರ್ಸಿಲಿಯಾ ಊಟದ ಮೇಜಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ಮಗನ ಕಣ್ಣೆದುರು ಅದನ್ನು ಬಯಲಿಗೆಳೆಯುವುದೊಂದೇ ಬಾಕಿ.

"ನಡೀರಿ, ಊರು ಸುತ್ತಿ ಬರೋಣ," ಎಂದಳು, ಸೂಪಿನ ಬಟ್ಟಲು ಎತ್ತುತ್ತ. "ಬೊನಾರಿಯಾಗೆ ಬೊಲೊನ್ಯ ತೋರಿಸ್ತೀನಿ."

"ನಾನು ಇಷ್ಟು ವರ್ಷ ಇಲ್ಲೇ ಓದಿದ್ದಲ್ವಾ ಅಮ್ಮ, ಎಲ್ಲಾ ನೋಡಿದೀನಿ," ಎಂದಳು ಬೊನಾರಿಯಾ.

"ಓದಿದೀಯ ಅಂತಾನೇ ಹೇಳಿದ್ದು ಕಣಮ್ಮ. ಓದೋರಿಗೆ ಊರು ನೋಡೋಕೆ ಪುರುಸೊತ್ತೆಲ್ಲಿ?"

ಟುಲಿಯೊ ತಲೆ ಎತ್ತಲಿಲ್ಲ. ಪಾಪ, ಮದುವೆಯಾಗಬೇಕಾದವಳನ್ನು ತಾಯಿ ಚುಚ್ಚುತ್ತಿದ್ದರೆ ಯಾವ ಮಗ ತಾನೇ ತಲೆ ಎತ್ತುತ್ತಾನೆ?

ಸಾರ್ಡಿನಿಯಾ ದ್ವೀಪದ ಕುರಿ ಕಾಯುವವರ ಮನೆಯ ಈ ಹುಡುಗಿ ಪಶುವೈದ್ಯೆಯಂತೆ. ಪದವಿ ಮುಗಿದಿದೆಯಂತೆ. ಹಾಗಾದರೆ ಎಲೆಕಿರೀಟದ ಫೋಟೋ ಎಲ್ಲಿ? ಈ ಊರಲ್ಲಿ ಪದವಿ ಪಡೆದವರೆಲ್ಲ ತಲೆಗೆ ಹಸಿರೆಲೆಯ ಕಿರೀಟ ಇಟ್ಟುಕೊಂಡು ಬೀದಿ ತುಂಬ ಮೆರೆಯುತ್ತಾರೆ. ಕೇಳಿದ್ದಕ್ಕೆ ಹುಡುಗಿ, "ಎಲೆ ಕಟ್ಕೊಂಡು ಫೋಟೋ ಯಾರು ಬೇಕಾದ್ರೂ ತೆಗೆಸ್ಕೋಬಹುದು ಬಿಡಿ," ಎಂದಿದ್ದಳು. ಎಂಥ ಕೊಬ್ಬು!

ಟುಲಿಯೊನ ಫೋಟೋ ತಮ್ಮ ಔಷಧದಂಗಡಿಯ ಗಲ್ಲಾದ ಹಿಂದೆಯೇ ತೂಗುತ್ತದೆ. ಕಿರೀಟ ತೊಟ್ಟ ಮಗ, ಪಕ್ಕದಲ್ಲಿ ಯಾರೂ ಇಲ್ಲ. ಆ ದಿನ ಅವನ ಅಪ್ಪ ಒರೆಸ್ತೆ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದ; ಎರ್ಸಿಲಿಯಾ ಹಾಸಿಗೆಯ ಪಕ್ಕ ಬಿಟ್ಟು ಕದಲಿರಲಿಲ್ಲ. ಸಂಜೆ ಟುಲಿಯೊ ಫೋಟೋ ತಂದು ತೋರಿಸಿದ. ಒರೆಸ್ತೆ ಅದನ್ನು ಎದೆಯ ಮೇಲಿಟ್ಟುಕೊಂಡೇ ಕಣ್ಣು ಮುಚ್ಚಿದ. ಅದನ್ನು ನೆನೆದರೆ ಅವಳಿಗೆ ಈಗಲೂ ದುಃಖ ಉಕ್ಕಿ ಬರುತ್ತದೆ, ಹೆಮ್ಮೆಯೂ.

ಅಂಗಡಿ ಔಷಧಶಾಸ್ತ್ರದ ಪದವಿ ಇಲ್ಲದವರ ಹೆಸರಲ್ಲಿ ನಿಲ್ಲುವಂತಿಲ್ಲ. ಸತ್ತವನ ಮನೆಯವರಿಗೆ ಸರ್ಕಾರ ಕೊಟ್ಟ ಗಡುವು ಈ ತಿಂಗಳು ಮುಗಿಯುತ್ತದೆ. ಅಷ್ಟರೊಳಗೆ ಟುಲಿಯೊನ ಹೆಸರಿಗೆ ಆಗದಿದ್ದರೆ ಮೂರು ತಲೆಮಾರಿನ ಅಂಗಡಿ ಬೇರೆಯವರ ಪಾಲು. ಆದರೆ ನೋಂದಣಿ ವಕೀಲರ ಹತ್ತಿರ ಹೋಗೋಣ ಎಂದಾಗಲೆಲ್ಲ ಅವನು ಏನಾದರೊಂದು ನೆಪ ಹೇಳಿ ಮುಂದೂಡುತ್ತಿದ್ದ. ಯಾವಾಗಿನಿಂದ? ಈ ಹುಡುಗಿ ಮನೆಗೆ ಕಾಲಿಟ್ಟಾಗಿನಿಂದ. ಕಿವಿ ಕಚ್ಚುವವರು ಯಾರೆಂದು ಬೇರೆ ಹೇಳಬೇಕೆ?

ಅದಕ್ಕೇ ಈ ಸುತ್ತಾಟ. ಪದವಿ ಮುಗಿಯುವ ಮುಂಚೆ ದೊಡ್ಡ ಚೌಕವನ್ನು ನಡುಮಧ್ಯೆ ದಾಟಬಾರದು, ಅಸಿನೆಲ್ಲಿ ಗೋಪುರ ಹತ್ತಬಾರದು ಎಂಬುದು ಇಲ್ಲಿನ ಹಳೆಯ ನಂಬಿಕೆ. ಮೀರಿದರೆ ಪದವಿ ಜನ್ಮದಲ್ಲಿ ಕೈಗೆ ಬರುವುದಿಲ್ಲ. ಈ ಊರಲ್ಲಿ ಓದುವ ಮಕ್ಕಳೆಲ್ಲ ಇದನ್ನು ಹೇಳಿಕೊಂಡು ನಗುತ್ತಾರೆ; ಮೀರುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಕಾಲೇಜಿನ ಮೆಟ್ಟಿಲು ತುಳಿಯದ ಎರ್ಸಿಲಿಯಾಳಿಗೆ ಆ ಭಯವಿಲ್ಲ.

ಚೌಕದ ನಡುವೆ ಅವಳು ದಾಪುಗಾಲು ಹಾಕಿ ದಾಟಿದಳು. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಅವರಿಬ್ಬರೂ ಕಮಾನುಗಳ ನೆರಳಲ್ಲಿ ಅಂಚು ಹಿಡಿದು ಸುತ್ತಿ ಬರುತ್ತಿದ್ದರು. ಹುಡುಗಿಯ ಕೈ ಟುಲಿಯೊನ ತೋಳಿನಲ್ಲಿತ್ತು.

"ಬಿಸಿಲು ಅಮ್ಮ," ಎಂದ ಟುಲಿಯೊ.

"ಯಾಕಮ್ಮ, ನಿಮ್ಮೂರಲ್ಲಿ ಕುರಿಗಳಿಗೆ ಕೊಡೆ ಹಿಡೀತೀರಾ?"

"ನನಗೆ ಬಿಸಿಲೇನೂ ಮಾಡಲ್ಲ," ಎಂದಳು ಬೊನಾರಿಯಾ.

ಅರ್ಧ ಸಾಕ್ಷಿ ಸಿಕ್ಕಿತು ಎಂದುಕೊಂಡಳು ಎರ್ಸಿಲಿಯಾ. ಮುಂದೆಯೇ ದೊಡ್ಡ ಇಗರ್ಜಿ. ಅದರ ಮುಂಗೋಡೆಗೆ ಕೆಳಗರ್ಧ ಮಾತ್ರ ಅಮೃತಶಿಲೆ, ಮೇಲೆಲ್ಲ ಬೋಳು ಇಟ್ಟಿಗೆ.

"ನೋಡು, ಅರ್ಧಕ್ಕೆ ಬಿಟ್ಟ ಕೆಲಸ ಎಷ್ಟು ಕಾಲ ಆದ್ರೂ ಎದ್ದು ಕಾಣುತ್ತೆ."

"ಹೊರಗಡೆಯವರಿಗೆ ಕಾಣುತ್ತೆ," ಎಂದಳು ಬೊನಾರಿಯಾ. "ಒಳಗಿರೋರಿಗೆ ಕಾಣಲ್ಲ."

ಟುಲಿಯೊ ಕೆಮ್ಮಿದ. ಐಸ್‌ಕ್ರೀಂ ತಿನ್ನೋಣವೇ ಎಂದ. ಎರ್ಸಿಲಿಯಾ ಆಗಲೇ ಮುಂದೆ ಹೊರಟಿದ್ದಳು.

ಗೋಪುರದ ಬುಡ ಬಂತು. "ಅಮ್ಮ, ನಿನ್ನ ಮಂಡಿ," ಎಂದು ರಾಗ ಎಳೆದ ಟುಲಿಯೊ.

"ನನ್ನ ಮಂಡಿ ಯೋಚನೆ ನಿನಗೆ ಬೇಡ."

"ಈ ಸೆಕೇಲಿ ಅಷ್ಟು ಎತ್ತರ... ಇನ್ನೊಂದು ದಿನ ಬರೋಣ."

ಅವಳಿಗೆ ಮೈಯೆಲ್ಲ ಉರಿಯಿತು. ಇವನಿಗೆ ಎಲ್ಲ ಗೊತ್ತಿದೆ! ಗೊತ್ತಿದ್ದೂ ಹುಡುಗಿಯನ್ನು ಬಚಾವು ಮಾಡುತ್ತಿದ್ದಾನೆ. ಹೆತ್ತ ತಾಯಿಯನ್ನೇ ಮೂರ್ಖಳನ್ನಾಗಿ ಮಾಡುವಷ್ಟು ಮಂಕುಬೂದಿ ಎರಚಿದ್ದಾಳೆ ಮಾಯಗಾತಿ. ಹೋಗಿ ಮೂರು ಟಿಕೆಟ್ ತಂದು ಇಬ್ಬರ ಕೈಗೂ ಒಂದೊಂದು ತುರುಕಿದಳು.

"ಹತ್ತು ತಾಯಿ. ಪದವಿ ಮುಗಿಸಿದೋರಿಗೆ ಏನು ಭಯ?"

ಬೊನಾರಿಯಾ ಅಲುಗಲಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು. ನೋಟ ಟುಲಿಯೊನ ಮೇಲಿತ್ತು.

"ಇವತ್ತಾದ್ರೂ, ಟುಲಿಯೊ," ಎಂದಳು ಮೆಲ್ಲಗೆ. "ದಮ್ಮಯ್ಯ."

ಅವನು ಬೇಡ ಎಂಬಂತೆ ತಲೆಯಾಡಿಸಿದ.

"ಅವನೇನು ಬಿಡಿಸ್ತಾನೆ ನಿನ್ನ?" ಎರ್ಸಿಲಿಯಾ ಅಬ್ಬರಿಸಿದಳು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. "ಹತ್ತು, ಇಲ್ಲಾ ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡು ನಿಮ್ಮೂರಿನ ಹಡಗು ಹತ್ತು!"

ಬೊನಾರಿಯಾ ಕಣ್ಣೊರೆಸಿಕೊಂಡಳು. ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ನುಗ್ಗಿದಳು. ಮರದ ಮೆಟ್ಟಿಲ ಮೇಲೆ ಅವಳ ಹೆಜ್ಜೆ ದಡದಡನೆ ಮೇಲೇರಿತು, ಒಂದು ಸಲವೂ ತಡೆಯಲಿಲ್ಲ.

ಎರ್ಸಿಲಿಯಾಳ ಸಿಟ್ಟು ಜರ್ರನೆ ಇಳಿಯಿತು. ಹಾಗಾದರೆ ಹುಡುಗಿ ಹೇಳಿದ್ದು ನಿಜ. ನಾಚಿಕೆಯಿಂದ ಮುಖ ಬಿಸಿಯಾಯಿತು.

"ಹೋಗ್ಲಿ, ಮೇಲೆ ಹೋಗಿ ಅವಳ ಹತ್ರ ತಪ್ಪಾಯ್ತು ಅಂತೀನಿ," ಎನ್ನುತ್ತ ಅವಳೂ ಒಳಗೆ ಹೋಗಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. "ನೀನೂ ಬಾರೋ. ಅಂಗಡಿ ಎಲ್ಲಿ ಕಾಣುತ್ತೆ ಅಂತ ಅವಳಿಗೂ ತೋರಿಸೋಣ."

ಹಿಂದೆ ಹೆಜ್ಜೆಯ ಸದ್ದು ಕೇಳಲಿಲ್ಲ. ತಿರುಗಿ ನೋಡಿದಳು. ಟುಲಿಯೊ ಹೊಸ್ತಿಲಾಚೆ ಬಿಸಿಲಿನಲ್ಲೇ ನಿಂತಿದ್ದ. ಟಿಕೆಟ್ಟು ಕೈಯಲ್ಲಿ ಮುದ್ದೆಯಾಗಿತ್ತು.

"ನಾನು ಹತ್ತೋ ಹಾಗಿಲ್ಲ ಅಮ್ಮ," ಎಂದ. "ನಂಗಿನ್ನೂ ನಾಲ್ಕು ಪರೀಕ್ಷೆ ಬಾಕಿ ಇದೆ."