ಇಪ್ಪತ್ತರ ಚೋಕು

ಹೆಣ್ಣು ನೋಡುವ ಶಾಸ್ತ್ರ ಶುರುವಾಗುವಷ್ಟರಲ್ಲಿ ನಡುಮನೆಯ ಟ್ಯೂಬ್‌ಲೈಟು ಮಿಣುಕತೊಡಗಿತು. ಹುಡುಗನ ತಾಯಿ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು.

“ಶುಭದ ಮಾತಾಡೋವಾಗ ದೀಪ ಹೀಗೆ ಆಡಬಾರದು. ನನಗ್ಯಾಕೋ ಸರಿ ಕಾಣ್ತಿಲ್ಲ.”

“ಬೆಳಗ್ಗೆ ಚೆನ್ನಾಗೇ ಇತ್ತು ತಾಯಿ,” ಎಂದು ಹುಡುಗಿಯ ಅಪ್ಪ ಬೆವರು ಒರೆಸಿಕೊಂಡರು.

“ಇರಮ್ಮ, ನೋಡ್ತೀನಿ,” ಎಂದು ಹುಡುಗ ಎದ್ದ. ಅವನದು ಎಲೆಕ್ಟ್ರಿಕಲ್ ಅಂಗಡಿ. ಅವನು ಮುಟ್ಟಿದ ಮೇಲೆ ಉರಿಯದ ದೀಪವೇ ಇಲ್ಲ ಎಂದು ತಾಯಿ ಆಗಷ್ಟೇ ಹೊಗಳಿದ್ದರು.

ಸ್ವಿಚ್ ಆಫ್ ಮಾಡಿ ಅವನು ಸ್ಟೂಲು ಹತ್ತಿದ. ಹುಡುಗಿಯೇ ಓಡಿಬಂದು ಸ್ಟೂಲು ಹಿಡಿದುಕೊಂಡಳು. ಟ್ಯೂಬಿನ ಪಟ್ಟಿ ಬಿಚ್ಚಿ ನೋಡಿದವನು ಬಗ್ಗಿ ಪಿಸುಗುಟ್ಟಿದ.

“ನಲವತ್ತು ವ್ಯಾಟಿನ ಟ್ಯೂಬಿಗೆ ಇಪ್ಪತ್ತರ ಚೋಕು ಹಾಕಿದಾರೆ. ಒಂದಕ್ಕೊಂದು ಹೊಂದೋದೇ ಇಲ್ಲ. ಯಾರು ಹಾಕಿದ್ದು?”

“ನಾನೇ. ಅಡುಗೆಮನೆ ಚಿಕ್ಕ ಟ್ಯೂಬಿಂದು ತೆಗೆದು ಹಾಕಿದೆ.”

“ಯಾಕೆ?”

“ನಿಮ್ಮಮ್ಮ ಶಕುನ ನೋಡ್ತಾರಂತೆ. ನನಗೆ ಈ ಮದುವೆ ಬೇಡ. ಅಪ್ಪ ನನ್ನ ಮಾತೇ ಕೇಳ್ತಿಲ್ಲ. ದಮ್ಮಯ್ಯ, ಹೇಳಬೇಡಿ.”

ಅವನು ಒಮ್ಮೆ ಅವಳನ್ನು, ಒಮ್ಮೆ ಚೋಕನ್ನು ನೋಡಿದ.

“ಏನಾಗಿದೆಯೋ?” ತಾಯಿ ಕೂತಲ್ಲಿಂದಲೇ ಕೂಗಿದರು. “ಚೋಕು ಹೋಗಿದೆಯೋ, ಟ್ಯೂಬು ಹೋಗಿದೆಯೋ?”

ಅವನು ಪಟ್ಟಿ ಮುಚ್ಚಿ ಕೆಳಗಿಳಿದ. ಕರವಸ್ತ್ರ ತೆಗೆದು ನಿಧಾನವಾಗಿ ಕೈ ಒರೆಸಿಕೊಂಡ.

“ಚೋಕೂ ಚೆನ್ನಾಗಿದೆ, ಟ್ಯೂಬೂ ಚೆನ್ನಾಗಿದೆ. ನೀನು ಹೇಳಿದ್ದೇ ಸರಿಯಮ್ಮ, ಹೊರಡೋಣ.”