ಒಂಬತ್ತನೆಯ ದಿನ ಬಿಟ್ಟ ಮೂಗು

“ರೀ, ಹಾಲು ತಳ ಹಿಡೀತಿದೆ!” ಎಂದು ಹಾಸಿಗೆಯಿಂದಲೇ ಕೂಗಿದವಳು ತನ್ನ ಕೂಗಿಗೆ ತಾನೇ ಬೆಚ್ಚಿದಳು. ಅಡುಗೆಮನೆಯಿಂದ ಗಂಡ ಸೌಟು ಹಿಡಿದೇ ಓಡಿಬಂದ. “ನಿಂಗೆ ವಾಸನೆ ಬಂತಾ? ನಿಜವಾಗ್ಲೂ?”

ಸಾಬೂನು ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷಿಸುವ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಮೂಗಮ್ಮ’ ಎಂದು. ಬಸಿರಿನ ಐದನೇ ತಿಂಗಳಲ್ಲಿ ಮೂಗು ಕಟ್ಟಿ, ಉಸಿರಾಟವೆಲ್ಲ ಬಾಯಿಗೆ ಬಂದಮೇಲೆ ‘ಬಾಯಮ್ಮ’ ಆಗಿದ್ದಳು. “ಬಸುರಿಯರಲ್ಲಿ ಕೆಲವರಿಗೆ ಹೀಗಾಗುತ್ತಮ್ಮ, ಹೆರಿಗೆ ಆದ್ಮೇಲೆ ತಾನಾಗೇ ಬಿಡುತ್ತೆ” ಎಂದಿದ್ದರು ಡಾಕ್ಟರು. ಹೆರಿಗೆಯಾಗಿ ಇವತ್ತಿಗೆ ಒಂಬತ್ತು ದಿನ.

“ಮಗೂನ ಕೊಡಿ, ಬೇಗ!” ಮಗಳ ನೆತ್ತಿಗೆ ಮೂಗಿಟ್ಟು ಮೆಲ್ಲಗೆ ಉಸಿರೆಳೆದಳು. ಏನೂ ಇಲ್ಲ. ಗಂಡನ ಅಂಗಿಯ ಬೆವರು, ಒಗೆದ ದುಪ್ಪಟಿ, ಸೀದ ಹಾಲು, ಎಲ್ಲವೂ ಮೂಗಿಗೆ ಬಡಿಯುತ್ತಿವೆ. ಮಗಳೊಬ್ಬಳು ಮಾತ್ರ ಇಲ್ಲ! “ಇವಳ ವಾಸನೇನೇ ಬರ್ತಿಲ್ಲ ಕಣ್ರೀ.”

“ಏನೇ ಹಾಗಂದ್ರೆ? ಘಮಘಮ ಅಂತಿದಾಳಲ್ಲೇ!” ಎನ್ನುತ್ತ ಗಂಡ ಹಾಲು ಇಳಿಸಲು ಅಡುಗೆಮನೆಗೆ ಓಡಿದ.

ಕೆಲಸದಲ್ಲಿ ಮೂಗು ದಣಿದಾಗಲೆಲ್ಲ ಅವಳು ತನ್ನ ಮೊಣಕೈಯ ಒಳಮಡಿಕೆಯನ್ನು ಮೂಸುತ್ತಿದ್ದಳು. ತನ್ನ ಮೈವಾಸನೆ ತನಗೆ ತಿಳಿಯುವುದಿಲ್ಲ, ಹಾಗಾಗಿ ಅಲ್ಲಿ ಮೂಗಿಗೆ ವಿಶ್ರಾಂತಿ. ರೂಢಿಯಂತೆ ಈಗಲೂ ಮೊಣಕೈ ಮೂಸಿದಳು. ಏನೂ ಇಲ್ಲ. ನೆತ್ತಿ ಮೂಸಿದಳು. ಅದೇ ಏನೂ ಇಲ್ಲ. ಮತ್ತೆ ಮೊಣಕೈ, ಮತ್ತೆ ನೆತ್ತಿ. ಆಮೇಲೆ ಮಗು ಬೆಚ್ಚಿಬೀಳುವಷ್ಟು ಗಟ್ಟಿಯಾಗಿ ನಕ್ಕಳು.

“ರೀ, ಹಾಲು ಹಾಳಾಗ್ಹೋಗ್ಲಿ, ಇಲ್ಲಿ ಬನ್ನಿ! ಇವಳದ್ದು ನಂದೇ ವಾಸನೆ!”