ಬಾಗಿಲಿನ ಒಳಮೈ

ಭಾನುವಾರ ತಿಂಡಿಯಾದ ಮೇಲೆ ವಸತಿ ಶಾಲೆಯ ಹತ್ತನೇ ತರಗತಿಯ ನಾಲ್ವರು, ಆರನೇ ತರಗತಿಯ ಹುಡುಗನೊಬ್ಬನನ್ನು ಹಾಸಿಗೆ ಇಡುವ ಬೀರುವಿನೊಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ಸಂಜೆ ಹಾಜರಿ ಕೂಗುವ ಹೊತ್ತಿಗೆ ತೆಗೆದರು.

ಮಂಗಳವಾರ ವಾರ್ಡನ್ ಬಡಗಿಯನ್ನು ಕರೆಸಿದ.

“ನಾಲ್ಕು ಗಂಟೆಗೆ ಆ ಹುಡುಗನ ಅಪ್ಪ ಬರ್ತಾನೆ. ಮಗನ್ನ ಎಲ್ಲಿ ಕೂಡಿಹಾಕಿದ್ರು ತೋರಿಸಿ ಅಂತ ಹಟ ಹಿಡಿದಿದ್ದಾನೆ. ಐದು ನಿಮಿಷದ ಹುಡುಗಾಟ ಅಂತ ಹೇಳಿದ್ದೀವಿ. ಅಷ್ಟರೊಳಗೆ ಈ ಬಾಗಿಲು ನುಣ್ಣಗಾಗ್ಬೇಕು.”

ಬಡಗಿ ಬೀರುವಿನ ಬಾಗಿಲನ್ನು ಬೆಳಕಿಗೆ ತೆರೆದು ನೋಡಿದ. ಒಳಮೈಯಲ್ಲಿ ಅವನ ಎದೆಯೆತ್ತರದಿಂದ ಕೆಳಕ್ಕೆ ಬರೀ ಗೀರು. ಐದು ನಿಮಿಷಕ್ಕೆ ಅಷ್ಟು ಮರ ಎದ್ದುಬರುವುದಿಲ್ಲ ಎಂದು ಅವನ ಬೆರಳಿಗೇ ಗೊತ್ತಾಯಿತು. ಒಂದು ಗೀರಿನ ಕೊನೆಯಲ್ಲಿ ಉಗುರಿನ ಚೂರು ಸಿಕ್ಕಿಕೊಂಡಿತ್ತು.

“ಏನಯ್ಯಾ, ಪರೀಕ್ಷೆಗೆ ಓದ್ತಾ ಇದ್ದೀಯಾ? ಕೈ ಆಡಿಸು. ನಾವೂ ಹಾಸ್ಟೆಲಿನಲ್ಲೇ ಒದೆ ತಿಂದು ಬೆಳೆದವರು. ಈಗ ಮನುಷ್ಯರಾಗಿಲ್ವಾ?”

ಬಡಗಿ ಬೆರಳನ್ನು ಇನ್ನೂ ಕೆಳಗಿಳಿಸಿದ. ಗೀರುಗಳ ಕೆಳಗೆ ಅಂಗೈಯಗಲ ಜಾಗ, ಬಣ್ಣದಡಿಯಲ್ಲಿ ತುಸು ಉಬ್ಬಿತ್ತು. ಅವನದೇ ಕೈಕೆಲಸ. ಹೋದ ವರ್ಷ ಇದೇ ವಾರ್ಡನ್ ‘ಇಲಿ ಕೆರೆದಿದೆ’ ಅಂದಿದ್ದ. ಇವನು ಕೆರೆದ ಕಡೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿದು, ಶಿಳ್ಳೆ ಹಾಕುತ್ತ ಮನೆಗೆ ಹೋಗಿದ್ದ. ಇಲಿ ಕಡಿಯುವುದು ಬಾಗಿಲಿನ ಅಂಚನ್ನು, ನಡುವನ್ನಲ್ಲ. ಅದು ಅವನಿಗೆ ಅವತ್ತೂ ಗೊತ್ತಿತ್ತು.

ಉಳಿಯ ಮೊನೆಯಿಟ್ಟು ಎಬ್ಬಿಸಿದ. ಪುಟ್ಟಿ ಚಕ್ಕೆಯಾಗಿ ಉದುರಿತು. ಅಡಿಯಲ್ಲಿ ನಾಲ್ಕು ಗೀರು. ಇನ್ನೂ ಚಿಕ್ಕ ಕೈಯವು.

“ಹೋದ ವರ್ಷದ ಇಲಿ ಈಗ ಯಾವ ತರಗತೀಲಿದೆ, ಸಾರ್?”

“ಟೀಸಿ ತಗೊಂಡು ಹೋಯ್ತು. ಸಾಕಾ?” ವಾರ್ಡನ್ ಗಡಿಯಾರ ನೋಡಿದ. “ಇದ್ದದ್ದು ಸಾಲದು ಅಂತ ಹಳೇದನ್ನೂ ಕೆದಕ್ತೀಯಲ್ಲ. ಈ ಶಾಲೆ ಕೆಲಸ ಬೇಕೋ ಬೇಡ್ವೋ? ಮೂರೂವರೆ ಆಯ್ತು, ಉಜ್ಜು.”

ಬಡಗಿ ತಿರುಪುಮೊಳೆ ಬಿಚ್ಚಿದ. ಬಾಗಿಲನ್ನು ಹೆಗಲಿಗೇರಿಸಿ ಜಗಲಿಗೆ ತಂದು, ಗೇಟಿನಿಂದ ಬರುವವರ ಕಣ್ಣಿಗೆ ಮೊದಲು ಬೀಳುವ ಕಂಬಕ್ಕೆ, ಒಳಮೈ ಹೊರಗಾಗುವಂತೆ ಒರಗಿಸಿದ. ಪಕ್ಕದಲ್ಲೇ ಕಾಲು ಚಾಚಿ ಕೂತು, ಉಜ್ಜುಗೊರಡನ್ನು ಚೀಲದೊಳಗೆ ಹಾಕಿ ಬಾಯಿ ಕಟ್ಟಿದ.

“ಉಜ್ಜಲ್ಲ, ಸಾರ್,” ಅಂದ. “ಹೋದ ಸಲ ಚೆನ್ನಾಗಿ ಉಜ್ಜಿದ್ದೆ.”